ಹಾವಿನಾಟದ ಅಂಕ

ತಮ್ಮಾ,

ಮತ್ತೆ ಆಸ್ಪತ್ರೆಗೆ ಹೊರಟೆ. ಎಬ್ಬಿಸಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ ಅಂತ ನಿನ್ನನ್ನು ಎಬ್ಬಿಸಲಿಲ್ಲ. ಅನ್ನ ಕುಕ್ಕರಿನಲ್ಲಿದೆ. ಹಾಲು ಕಾಯಿಸು, ಉಕ್ಕಿಸಬೇಡ.

ನಿನ್ನೆ ಅಪ್ಪ ಬಚ್ಚಲಲ್ಲಿ ಕುಸಿದಾಗ ಮನೆ ಫೋನಿಂದ ನಿನಗೆ ಹನ್ನೊಂದು ಸಲ ಮಾಡಿದೆ, ನೀನು ಎತ್ತಲಿಲ್ಲ. "ಮೊಬೈಲ್ ಬ್ಯಾಗಲ್ಲೇ ಇತ್ತಕ್ಕಾ, ಕೈಗೇ ತಗೊಂಡಿಲ್ಲ" ಅಂದೆ ನೀನು. ನಾನು ನಂಬಿದೆ. ಅಪ್ಪನಿಗೂ ಹಾಗೇ ಹೇಳಿದೆ.

ಈಗ ಮೊಬೈಲನ್ನು ಚಾರ್ಜಿಗೆ ಹಾಕುವಾಗ ಅದರಲ್ಲಿನ ಹಾವಿನಾಟ ತೆರೆದೆ. ನಿನ್ನೆ ನಿನ್ನ ಕೈಗೆ ಕೊಡುವ ಮುಂಚೆ ನಾನೇ ಆಡಿ 214 ಅಂಕ ಮಾಡಿದ್ದೆ. ಈಗ 530 ಇದೆ. ಹಾವು ತಾನೇ ಆಡಿಕೊಂಡಿತಾ?

ನಾನು ಫೋನ್ ಮಾಡಿದಾಗೆಲ್ಲ ಹಾವು ನಿಂತು, ಪರದೆ ಮೇಲೆ 'ಮನೆ' ಅಂತ ಬಂದಿರುತ್ತೆ. ರಿಂಗ್ ಮುಗಿಯುವವರೆಗೆ ಕಾದು ಮತ್ತೆ ಓಡಿಸಿದ್ದೀಯ. ಹನ್ನೊಂದು ಸಲ! ಮನೆಗೊಂದೇ ಮೊಬೈಲ್, ಹೊರಗೆ ಹೋದವರ ಹತ್ತಿರ ಇರಲಿ ಅಂದವನು ನೀನೇ ಕಣೋ. ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲ.

ಅಪ್ಪನ ಕನ್ನಡಕ ಕಿಟಕಿಯ ಹತ್ತಿರ ಇದೆ, ಸಂಜೆ ತಗೊಂಡು ಬಾ. ಪಾಪ, ನೀನು ಬಂದೆಯಾ ಅಂತ ರಾತ್ರಿಯೆಲ್ಲ ಕೇಳಿದರು. ನಿಜ ಏನು ಅಂತ ನೀನೇ ಹೇಳು, ನಾನು ಇನ್ನೊಂದು ಸುಳ್ಳು ಹೇಳಲಾರೆ.

ಮೊಬೈಲ್ ನಿನ್ನ ದಿಂಬಿನ ಪಕ್ಕದಲ್ಲೇ ಇಟ್ಟಿದ್ದೇನೆ. ನಾಲ್ಕು ಗಂಟೆಗೆ ಡಾಕ್ಟರ್ ನೋಡಿ ಹೋದಮೇಲೆ ಫೋನ್ ಮಾಡುತ್ತೇನೆ.

ಒಂದೇ ಸಲ.

ಅಕ್ಕ