ತುಳಿಯದ ಹೊತ್ತಿನ ಸದ್ದು

ಮಾರ್ಚ್ 4, ಬೆಳಿಗ್ಗೆ

ನನ್ನ ಒಂಟಿ ಚಕ್ರದ ಸೈಕಲ್ಲಿನ ಟೈರಿಗೆ ಗಾಳಿ. ಬ್ರೇಕಿನ ತಂತಿ ಸಡಿಲವಾಗಿತ್ತು, ಬಿಗಿ ಮಾಡಿದೆ. ಕಾಲುವೆ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು. ತುಳಿಯುವಾಗ ದೋಷವಿಲ್ಲ. ತುಳಿಯುವುದನ್ನು ನಿಲ್ಲಿಸಿ ಚಕ್ರವನ್ನು ತಾನಾಗಿ ಉರುಳಲು ಬಿಟ್ಟಾಗ ಮಾತ್ರ ಫ್ರೀವೀಲ್‌ನ ಟಿಕ್ ಟಿಕ್ ಸಮನಾಗಿಲ್ಲ. ಸ್ವಲ್ಪ ದೂರ ಸರಾಗ, ಆಮೇಲೆ ತೊದಲು. ಮತ್ತೆ ಸರಾಗ, ಮತ್ತೆ ತೊದಲು.

ಮಗಳ ಒಂಟಿ ಚಕ್ರದಲ್ಲಿ ಮೊದಲು ಈ ತಾಪತ್ರಯವೇ ಇರಲಿಲ್ಲ. ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತಿತ್ತು. ಕಾಲಿಗೆ ಬಿಡುವಿಲ್ಲ, ಚಕ್ರದ ನಡುವಿನ ಹಬ್‌ಗೆ ಬಾಯಿಲ್ಲ. ಈಗ ಅವಳೂ ಫ್ರೀವೀಲ್ ಹಾಕಿಸಿಕೊಂಡಿದ್ದಾಳೆ. ನೀರಿನ ಟ್ಯಾಂಕಿನ ಇಳಿಜಾರನ್ನು ನನ್ನ ಬೆನ್ನಿಗೇ ಅಂಟಿಕೊಂಡು ಇಳಿಯಬೇಕಂತೆ. ಮುಂದಿನವನ ವೇಗ ನೋಡಿಯೇ ಬ್ರೇಕ್ ಹಿಡಿಯಲು ಕಲಿಯಬೇಕು. ಬೇರೆ ದಾರಿಯಿಲ್ಲ, ನಿಜ. ಆದರೆ ಮುಂದಿನವನು ಬಿದ್ದರೆ ಹಿಂದಿನವಳು ಅವನ ಮೇಲೆಯೇ.

ಮೊದಲು ಇದು ಸರಿಯಾಗಲಿ ಎಂದೆ.

ಮಾರ್ಚ್ 7

ಹಬ್ ಬಿಚ್ಚಿದೆ. ಊಟದ ಮೇಜಿನ ಮೇಲೆ ಹಳೆಯ ಬನಿಯನ್ ಹಾಸಿ. ಫ್ರೀವೀಲ್‌ನ ಹಲ್ಲಿಗೆ ಕಚ್ಚುವ ಪುಟ್ಟ ಉಕ್ಕಿನ ನಾಲಗೆಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿದೆ. ಒಂದೂ ಸವೆದಿಲ್ಲ. ಆದರೂ ಸ್ಪ್ರಿಂಗ್‌ಗಳನ್ನು ಬದಲಾಯಿಸಿದೆ.

ಹೆಂಡತಿ ತರಕಾರಿ ಬುಟ್ಟಿ ಹಿಡಿದು ಜಾಗ ಹುಡುಕುತ್ತ ಬಂದಳು.

"ಇದಕ್ಕೆ ಇರೋದೇ ಒಂದು ಚಕ್ರ. ಎರಡಿದ್ದಿದ್ರೆ ನಾವೆಲ್ಲ ಬೀದೀಲಿ ಕೂತು ಊಟ ಮಾಡ್ಬೇಕಿತ್ತು."

"ಹತ್ತು ನಿಮಿಷ."

"ನಿಮ್ಮ ಹತ್ತು ನಿಮಿಷ ನೋಡಿಯೇ ನನ್ನ ತಲೆ ನರೆತಿದ್ದು."

ಮಾರ್ಚ್ 9

ತೊದಲು ಹೋಗಿಲ್ಲ. ಗ್ರೀಸ್ ದಪ್ಪವಾಯಿತೇ? ತೊಳೆದು ತೆಳು ಎಣ್ಣೆ ಬಿಟ್ಟೆ. ಹೋಗಿಲ್ಲ.

ಲ್ಯಾಬಿನಲ್ಲಿ ಒತ್ತಡದ ಮೀಟರುಗಳನ್ನು ಪರೀಕ್ಷಿಸುವಾಗ ಹೊಸಬರಿಗೆ ಹೇಳುವುದು ಒಂದೇ ಮಾತು — ಮುಳ್ಳು ಅಲುಗಿದರೆ ಮೊದಲು ಮೀಟರನ್ನು ಅನುಮಾನಿಸಿ. ಇಷ್ಟು ವರ್ಷ ಅದೇ ಅಭ್ಯಾಸ. ಸಾಮಾನ್ಯವಾಗಿ ತಪ್ಪಿಲ್ಲ.

ಮಾರ್ಚ್ 11, ಸಂಜೆ

ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೈಯಿಂದ ತಿರುಗಿಸಿದೆ. ಗಡಿಯಾರದಂತೆ ಸಮ. ಮಗಳಿಗೆ ಕೊಟ್ಟು ರಸ್ತೆಯಲ್ಲಿ ಓಡಿಸಲು ಹೇಳಿದೆ. ಅವಳ ಕಾಲ ಕೆಳಗೂ ಸಮ. ನಾನು ಹತ್ತಿದೆ. ತೊದಲು.

"ಅಪ್ಪಾ, ಅದಕ್ಕೆ ನಿನ್ನ ಮೇಲೆ ಏನೋ ಸಿಟ್ಟು," ಎಂದಳು.

"ನನ್ನ ತೂಕ ಹೆಚ್ಚು. ಅಚ್ಚು ಸ್ವಲ್ಪ ಬಾಗುತ್ತಿರಬೇಕು."

ಬಾಗುವ ಅಚ್ಚಲ್ಲ ಅದು. ಗೊತ್ತಿದ್ದೇ ಹೇಳಿದೆ.

ಪೆಡಲ್ ಒಂದಿಷ್ಟು ಹಿಂದೆ ಮುಂದೆ ಆದರೂ ಟಿಕ್‌ನ ಲಯ ಬದಲಾಗುತ್ತದೆ. ಉರುಳುವಾಗ ಪೆಡಲನ್ನು ಅಲುಗದಂತೆ ಹಿಡಿಯುವುದು ಕಾಲುಗಳ ಕೆಲಸ.

ಮಾರ್ಚ್ 12, ಭಾನುವಾರ

ಪೇಪರ್ ಓದುತ್ತಿದ್ದೆ. ಇವಳು ಎದುರು ಕುಳಿತು ನೋಡುತ್ತಿದ್ದಳು.

"ಯಾವ ತಾಳ ರೀ ಅದು?"

"ಯಾವುದು?"

"ನಿಮ್ಮ ಎಡಗಾಲು. ಚಳಿಗಾಲದಿಂದ ನೋಡ್ತಿದೀನಿ. ಸುಮ್ನೆ ಕೂತ್ರೆ ಸಾಕು, ಟಕಟಕಟಕ. ಹಾಡೋಕೆ ಬರಲ್ಲ, ತಾಳಕ್ಕೇನೂ ಕಮ್ಮಿ ಇಲ್ಲ."

ನಕ್ಕಳು. ನಾನೂ ನಕ್ಕೆ. ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

ಮಾರ್ಚ್ 21, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಸೈಕಲ್ಲನ್ನೂ ಮುಟ್ಟಲಿಲ್ಲ.

ನರದ ವೈದ್ಯರ ಬಳಿ ಹೋಗಿದ್ದೆ, ಒಬ್ಬನೇ. ಅಂಗಡಿಗಳಲ್ಲಿ ಸ್ಪ್ರಿಂಗ್ ಹುಡುಕಲು ಎಂದು ಮನೆಯಲ್ಲಿ ಹೇಳಿ.

"ಏನು ತೊಂದರೆ?"

"ಸದ್ದಿನಲ್ಲಿ ವ್ಯತ್ಯಾಸ ಕೇಳಿಸ್ತು."

"ಕಿವಿ ಡಾಕ್ಟರು ಮೇಲಿನ ಮಹಡೀಲಿ ಕೂರ್ತಾರೆ."

ವಿವರಿಸಿದೆ. ಪೆನ್ನು ಕೆಳಗಿಟ್ಟು ಕೇಳಿದರು. ನಡೆಸಿದರು. ಬೆರಳು ತಟ್ಟಿಸಿದರು. ಕೊನೆಗೆ, "ಕೈಕಾಲು ಸಡಿಲ ಬಿಟ್ಟು ಕೂತ್ಕೊಳ್ಳಿ. ಏನೂ ಮಾಡ್ಬೇಡಿ." ಏನೂ ಮಾಡದಿರುವುದೇ ಪರೀಕ್ಷೆ. ಇಬ್ಬರೂ ನನ್ನ ಎಡಪಾದವನ್ನು ನೋಡುತ್ತ ಕುಳಿತೆವು... ಅದು ಬೇರೆ ಯಾರದೋ ಎಂಬಂತೆ.

ನಡುಕದ ಕಾಯಿಲೆಯಂತೆ. ಮಾತ್ರೆಗೆ ಹತೋಟಿಗೆ ಬರುತ್ತದೆ. ವಾಸಿಯಾಗುವುದಿಲ್ಲ. ನಿಧಾನವಾಗಿ ಹೆಚ್ಚುತ್ತದೆ, ಎಷ್ಟು ನಿಧಾನ ಎಂದು ಯಾರೂ ಹೇಳಲಾರರು.

"ಮುಂದಿನ ಸಲ ಮನೆಯವರನ್ನ ಕರ್ಕೊಂಡು ಬನ್ನಿ."

ಆಗಲಿ ಎಂದೆ. ಹೇಗೆ ಎಂದು ಕೇಳಬೇಕಿತ್ತು.

ಮಾರ್ಚ್ 22

ಬರುವ ಭಾನುವಾರ ಇಳಿಜಾರು ಎಂದು ಮಗಳು ನಿಶ್ಚಯಿಸಿಬಿಟ್ಟಿದ್ದಾಳೆ. ಹಬ್ ಇನ್ನೂ ಸರಿಯಿಲ್ಲ ಎಂದೆ. ಹೇಳಿದ ಮೇಲೆ ಮಾತಿಗೆ ತಕ್ಕಂತೆ ಬಿಚ್ಚಿಟ್ಟೆ. ಏನೂ ಆಗಿರದ ಯಂತ್ರವನ್ನು ಬಿಚ್ಚಿದ್ದು ಇದೇ ಮೊದಲು. ಭಾಗಗಳು ಬನಿಯನ್ ಮೇಲೆ ಹೊಳೆಯುತ್ತಿವೆ.

ಇವಳು ತರಕಾರಿಯನ್ನು ಅಡುಗೆಮನೆಯಲ್ಲೇ ನಿಂತು ಹೆಚ್ಚುತ್ತಿದ್ದಾಳೆ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ 25, ಶನಿವಾರ ಸಂಜೆ

ಕೆಲಸದಿಂದ ಬಂದಾಗ ಮೇಜು ಖಾಲಿ. ಸೈಕಲ್ ಗೋಡೆಗೆ ಒರಗಿತ್ತು. ಮಗಳ ಮೊಣಕೈವರೆಗೂ ಕಪ್ಪು.

"ನಾನೇ ಜೋಡಿಸಿದೆ. ಮೂರು ಸಲ ತಪ್ಪಾಯ್ತು, ಅಮ್ಮನ ಹತ್ರ ಬೈಸಿಕೊಂಡೆ. ಓಡಿಸಿಯೂ ನೋಡಿದೆ ಅಪ್ಪಾ, ಒಂದು ತೊದಲೂ ಇಲ್ಲ."

ಅಚ್ಚಿನ ನಟ್ಟು ನೋಡಿದೆ. ಎಷ್ಟು ಬಿಗಿಯಿರಬೇಕೋ ಅಷ್ಟೇ ಬಿಗಿ. ಚೆನ್ನಾಗಿದೆ ಎಂದೆ. ಅವಳ ಮುಖ ಅರಳಿತು, ನೋಡಲಾಗಲಿಲ್ಲ.

ನೆಪ ಮುಗಿಯಿತು. ನಾಳೆ ಹೋಗಬಹುದು, ಬೀಳದೆಯೂ ಇರಬಹುದು. ನನಗೊಬ್ಬನಿಗೇ ಆದರೆ ಆ ಲೆಕ್ಕ ಒಪ್ಪಬಹುದಿತ್ತು.

ಮಾರ್ಚ್ 26, ಭಾನುವಾರ ಬೆಳಿಗ್ಗೆ

ಹೋಗಲಿಲ್ಲ.

ವರಾಂಡದಲ್ಲಿ ಅವಳು ಹೆಲ್ಮೆಟ್ ಹಾಕಿಕೊಂಡೇ ಕಾಫಿ ಕುಡಿಯುತ್ತಿದ್ದಳು. ನಾನಿನ್ನೂ ಬೂಟು ಹಾಕಿರಲಿಲ್ಲ.

"ಏಳಪ್ಪಾ. ಈಗ ಸೈಕಲ್ ಸರಿಯಿದೆಯಲ್ಲ, ಇನ್ನೇನು ತೊಂದರೆ?"

ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟು, ಹಿಡಿದಿಟ್ಟುಕೊಳ್ಳದೆ, ಸಡಿಲ ಬಿಟ್ಟೆ. ಇಷ್ಟು ದಿನ ಮನೆಯಲ್ಲಿ ಯಾರೆದುರೂ ಬೇಕೆಂದೇ ಹಾಗೆ ಬಿಟ್ಟಿರಲಿಲ್ಲ.

ಮೊದಲು ನಕ್ಕಳು. ಆಮೇಲೆ ಲೋಟ ಕೆಳಗಿಟ್ಟಳು. ಪಾದದ ಮೇಲೆ ಕೈಯಿಟ್ಟಳು. ಕೈಯ ಕೆಳಗೂ ಅದು ನಿಲ್ಲಲಿಲ್ಲ.

"ಡಾಕ್ಟರ ಹತ್ರ ಹೋಗಿದ್ಯಾ?"

ತಲೆಯಾಡಿಸಿದೆ.

"ಒಬ್ಬನೇ?"

ಅದಕ್ಕೂ ತಲೆಯಾಡಿಸಿದೆ. ಹೆಲ್ಮೆಟ್ ತೆಗೆದಳು. "ಅಮ್ಮನ್ನ ನಾನು ಕರೀತೀನಿ. ಹೇಳೋದು ನೀನು," ಎಂದು ಒಳಗೆ ಹೋದಳು. ಇನ್ನೂ ಬಂದಿಲ್ಲ.

ಇವಳಿಗೆ ಹೇಳಬೇಕಾದ ಮೊದಲ ವಾಕ್ಯವನ್ನು ಇಲ್ಲಿ ಬರೆದು ನೋಡುತ್ತಿದ್ದೇನೆ. ಗಾಬರಿಯಾಗಬೇಡ ಎಂದು ಶುರು ಮಾಡಿದರೆ ಗಾಬರಿಯಾಗುತ್ತಾಳೆ. ವೈದ್ಯರು ಎಂದು ಶುರು ಮಾಡಿದರೂ ಅಷ್ಟೇ. ಅಂಥ ದೊಡ್ಡದೇನಲ್ಲ — ಸುಳ್ಳು. ನಲ್ಲಿಯ ಸದ್ದು ನಿಂತಿತು. ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಾಳೆ. ಹೀಗೆ ಶುರು ಮಾಡಬಹುದು: ನೋಡು, ನನಗೆ ನಿನ್ನ ಸಹಾಯ—