ಬಡಿಸಿದವಳ ಊಟ

೮ ಫೆಬ್ರವರಿ ೧೯೮೨, ಸೋಮವಾರ

ಕ್ಲಾಸು ಐದೂವರೆಗೆ. ಶುರುವಾದದ್ದು ಆರಕ್ಕೆ. ಬಸ್ಸು ಜಾಲಹಳ್ಳಿ ಕ್ರಾಸಿನಲ್ಲೇ ಕೂತುಬಿಟ್ಟಿತ್ತು. ರಾಜಗೋಪಾಲನಗರದಲ್ಲಿ ಗೋಪಾಲಪ್ಪ ಎನ್ನುವವರ ಮನೆಯ ಮುಂದಿನ ಕೋಣೆ, ಏಳು ಜನ. ಎಲ್ಲರೂ ಪೀಣ್ಯದ ಫ್ಯಾಕ್ಟರಿಗಳವರು, ಎಲ್ಲರೂ ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಡುಮ್ಕಿ. ಕನ್ನಡದವರೇ ಕನ್ನಡದಲ್ಲಿ ಫೇಲಾಗುವುದಕ್ಕೂ ಒಂದು ಪ್ರತಿಭೆ ಬೇಕು.

ಹಳಗನ್ನಡ ಪದ್ಯ ತೆಗೆದೆ. ಬರಗಾಲ, ಬಡವರ ಮನೆ, ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿ. ಉಳಿದಿದ್ದ ಒಂದು ಹಿಡಿ ಅನ್ನವನ್ನು ಹೆಂಡತಿ ಬಡಿಸುತ್ತಾಳೆ. ಕವಿ ಮನೆಯೊಡೆಯನ ಔದಾರ್ಯವನ್ನು ಹೊಗಳುತ್ತಾನೆ. 'ಸ್ವಾರಸ್ಯ ವಿಮರ್ಶಿಸಿ' — ಹತ್ತು ಅಂಕ, ತಪ್ಪದೆ ಬರುತ್ತದೆ. ನನ್ನ ಮಾದರಿ ಉತ್ತರ ಬರೆಸಿದೆ. ಸ್ಕೂಲಿನಲ್ಲಿ ಮೂವತ್ತು ವರ್ಷ ಬರೆಸಿದ್ದೇ. 'ಕವಿಯು ಅತ್ಯಂತ ಮನೋಜ್ಞವಾಗಿ ವರ್ಣಿಸಿದ್ದಾನೆ...'

ಭದ್ರಮ್ಮ ತಲೆ ಎತ್ತಿದಳು. ಸ್ವಿಚ್ಚು ಜೋಡಿಸುವ ಕೆಲಸ ಅವಳದು, ಮೂವತ್ತು ದಾಟಿದೆ.

"ಸಾರ್, ಮನೋಜ್ಞ ಅಂದ್ರೇನು?"

"ಮನಸ್ಸಿಗೆ ಹಿಡಿಸೋದು."

"ನಂಗೆ ಇಡಿಸ್ಲಿಲ್ವಲ್ಲ ಸಾರ್. ಆದ್ರೂ ಬರೀಬೇಕಾ?"

ಬರಿ ಎಂದೆ. ಸಿಟ್ಟು ಬಂದಿತ್ತು. ಮನೆ ಸೇರಿದ ಮೇಲೂ ಇಳಿಯಲಿಲ್ಲ.

೧೨ ಫೆಬ್ರವರಿ, ಶುಕ್ರವಾರ

ಪದಗಳ ಅರ್ಥ. ನಿಘಂಟು ಒಯ್ಯಲಿಲ್ಲ, ಬೇರೆ ದಾರಿ ಹಿಡಿದೆ. ಪದ್ಯದಲ್ಲಿ 'ಪಸಿವು'. ಪುಸ್ತಕದಲ್ಲಿ ಹಸಿವು. ಇವರ ಬಾಯಲ್ಲಿ ಅಸಿವು. ಮೂರನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದೆ. 'ಪಾಲ್' ಎಂದರೇನು ಎಂದೆ. ಪಾಪಯ್ಯ, "ಹಾಲು ಸಾರ್." 'ಪಿಟ್ಟು'? ನಾಲ್ಕು ಜನ ಒಟ್ಟಿಗೆ, "ಇಟ್ಟು." ನಗು. 'ಕೂಳ್' ಎಂದಾಗ ಮಾತ್ರ ಮುಖ ಮುಖ ನೋಡಿಕೊಂಡರು. ಆ ಕಾಲದಲ್ಲಿ ಅದು ಬೈಗುಳವಲ್ಲ, ಮರ್ಯಾದೆಯ ಅನ್ನವೇ ಎಂದು ಹೇಳಬೇಕಾಯಿತು.

ಖುಷಿಯಾಯಿತು. ಸುಳ್ಳೇಕೆ ಬರೆಯಲಿ, ರಿಟೈರ್ ಆದ ಮೇಲೆ ಇಷ್ಟು ಖುಷಿ ಇವತ್ತೇ.

೧೮ ಫೆಬ್ರವರಿ, ಗುರುವಾರ

ವಿಮರ್ಶೆ ಮಾತ್ರ ತಲೆಗೆ ಹೋಗುತ್ತಿಲ್ಲ. ಗುಣ, ದೋಷ, ಕಾರಣ ಎಂದು ಹೇಳಿ ಹೇಳಿ ಗಂಟಲು ಒಣಗಿತು. ಪಾಪಯ್ಯ ಲೇತ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಮಾಡುವವನು. ಮೆಲ್ಲಗೆ ಹೇಳಿದ: "ಸಾರ್, ಇದು ನಮ್ಮ ಸ್ಲಿಪ್ ಇದ್ದಂಗಲ್ವಾ? ಟ್ರೇ ಬರ್ತದೆ. ಏನ್ ನೋಡ್ದೆ, ಏನ್ ಸರಿ ಐತೆ, ಏನ್ ತಪ್ಪೈತೆ, ಎಲ್ಲಿ — ಬರ್ದು ಸೈನ್ ಹಾಕೋದು. ನೋಡ್ದೆ ಓಕೆ ಅಂತ ಬರ್ದ್ರೆ ಮೆಮೊ ಕೊಡ್ತಾರೆ."

ನನ್ನ ಮೂವತ್ತು ವರ್ಷದ ನೋಟ್ಸಿನಲ್ಲಿ ಇಷ್ಟು ಸರಳವಾದ ಮಾತಿಲ್ಲ. ಪದ್ಯಕ್ಕೆ ಒಂದೊಂದು ಸ್ಲಿಪ್ ಬರೆದು ತನ್ನಿ ಎಂದೆ.

೧೯ ಫೆಬ್ರವರಿ, ಶುಕ್ರವಾರ

ಸ್ಲಿಪ್ಪುಗಳು ಬಂದವು. ಪಾಪಯ್ಯನದು: ಮಾತು ಓಕೆ, ಅತಿಥಿ ಓಕೆ, ಮುಗಿತಾಯ ಉದ್ದ, ರೀವರ್ಕ್ ಬೇಕು.

ಭದ್ರಮ್ಮನದು, ಇದ್ದ ಹಾಗೇ ಇಳಿಸುತ್ತೇನೆ: 'ಹೊಗಳಿಕೆ ಎಲ್ಲಾ ಗಂಡನಿಗೆ. ಬಡಿಸಿದವಳು ಉಂಡಳೋ ಇಲ್ಲವೋ ಕವಿ ನೋಡಲಿಲ್ಲ. ಕವಿಯೂ ಎಲೆ ಮುಂದೆ ಕೂತಿದ್ದ ಅನ್ನಿಸುತ್ತದೆ.'

"ಓದ್ಸಲ ಪರೀಕ್ಷೇಲೂ ಇದೇ ಬರ್ದಿದ್ದೆ ಸಾರ್," ಎಂದಳು.

ತಲೆನೋವು ಎಂದು ಹೇಳಿ ಕ್ಲಾಸು ಬಿಟ್ಟೆ.

೩ ಮಾರ್ಚ್, ಬುಧವಾರ

ಎರಡು ವಾರ ಹೋಗಲಿಲ್ಲ. ಜ್ವರ ಎಂದು ಹೇಳಿಕಳಿಸಿದ್ದೆ. ಜ್ವರ ಇರಲಿಲ್ಲ.

ಬರೆದುಬಿಡುತ್ತೇನೆ. ಹೋದ ವರ್ಷದ ಪೇಪರ್ ವ್ಯಾಲ್ಯುಯೇಷನ್, ನನ್ನ ಕೊನೆಯದು. ಮಧ್ಯಾಹ್ನದ ಹೊತ್ತು, ಎಲ್ಲರಿಗೂ ತೂಕಡಿಕೆ. ತಮಾಷೆಯ ಉತ್ತರ ಸಿಕ್ಕರೆ ಎದ್ದು ನಿಂತು ಓದುವುದು ಅಲ್ಲಿನ ರೂಢಿ. ನನಗೊಂದು ಸಿಕ್ಕಿತು. 'ಕವಿಯೂ ಎಲೆ ಮುಂದೆ ಕೂತಿದ್ದ ಅನ್ನಿಸುತ್ತದೆ.' ರಾಗವಾಗಿ ಓದಿದೆ. ಇಡೀ ವ್ಯಾಲ್ಯುಯೇಷನ್ ಹಾಲೇ ನಕ್ಕಿತು. ಹತ್ತಕ್ಕೆ ಸೊನ್ನೆ ಹಾಕಿ ಮುಂದಿನ ಪೇಪರು ತೆಗೆದುಕೊಂಡೆ.

ಎಷ್ಟಕ್ಕೆ ಫೇಲಾದಳೋ ಗೊತ್ತಿಲ್ಲ. ಕೇಳಲು ಭಯ.

೫ ಮಾರ್ಚ್, ಶುಕ್ರವಾರ

ಕೇಳಿದೆ. ನಾಲ್ಕು ಅಂಕ ಕಡಿಮೆ.

ಪಾಸಾಗಿದ್ದರೆ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹಾಕುತ್ತಿದ್ದರಂತೆ. ಅಲ್ಲಿ ಸ್ಟೂಲ್ ಇದೆ. ಲೈನಿನಲ್ಲಿ ಇಡೀ ಶಿಫ್ಟು ನಿಂತೇ ಕೆಲಸ. ಆ ಜಾಗ ಮಾರಕ್ಕ ಎನ್ನುವವಳಿಗೆ ಹೋಯಿತು. ಈ ಜೂನ್‌ನಲ್ಲಿ ಇನ್ನೊಂದು ಖಾಲಿಯಾಗುತ್ತದೆ. "ಇದೂ ತಪ್ಪೋದ್ರೆ ಆಮೇಲೆ ಉಡ್ಗೀರ್ನೇ ತಗೊಳ್ಳೋದು ಸಾರ್." ಕಾಲು ನೋಡಿದೆ. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಬಿದ್ದಿತ್ತು.

"ಆ ಮೇಷ್ಟ್ರ ಮೇಲೆ ಸಿಟ್ಟಿಲ್ವೇನಮ್ಮ?"

"ಯಾರೋ ಏನೋ. ಅವ್ರಿಗೆಷ್ಟು ಪೇಪರ್ ಇದ್ವೋ ಪಾಪ. ಓದಿರಾಕಿಲ್ಲ ಬಿಡಿ ಸಾರ್."

ಓದಿದ್ದರು ಕಣಮ್ಮ, ಎಲ್ಲರಿಗೂ ಕೇಳುವ ಹಾಗೆ ಓದಿದ್ದರು — ಎನ್ನಬೇಕಿತ್ತು. ಮನೆಯಲ್ಲಿ ಹೆಂಡತಿ ವೆಂಕಟಲಕ್ಷ್ಮಿ ತಟ್ಟೆ ಹಾಕಿದಳು. ನಿನ್ನ ಊಟ ಆಯ್ತೇ ಎಂದೆ. "ಇದೇನು ಹೊಸದು? ನಿಮ್ಮದಾಗದೆ ನಾನು ಯಾವತ್ತು ಕೂತಿದ್ದೀನಿ?" ಎಂದಳು.

೪ ಏಪ್ರಿಲ್, ಭಾನುವಾರ

ನಾಳೆ ಕನ್ನಡ ಪೇಪರು. ಭದ್ರಮ್ಮ ಜಾಲಹಳ್ಳಿಯ ನಮ್ಮ ಮನೆಗೇ ಬಂದಳು, ಹಾಲ್ ಟಿಕೆಟ್ಟು ಕರ್ಚೀಫಿನಲ್ಲಿ ಸುತ್ತಿಕೊಂಡು.

"ಸಾರ್, ನಂದು ಬರೀಲಾ, ನಿಮ್ದು ಬರೀಲಾ?"

ನಿನ್ನದೇ ಒಳ್ಳೆಯದು ಎಂದೆ. ಮುಖ ಅರಳಿತು. ಆದರೂ ನನ್ನದನ್ನೇ ಬರಿ ಎಂದೆ. ಆ ವ್ಯಾಲ್ಯುಯೇಷನ್ ಹಾಲಿನಲ್ಲಿ ಕೂರುವವರು ನನಗೆ ಗೊತ್ತು, ನನ್ನಂಥವರೇ. ಗೇಟಿನ ಹತ್ತಿರ ಒಂದು ಸಲ ತಿರುಗಿ ನೋಡಿ ಹೋದಳು. ಈ ಸಲಹೆ ಕೊಟ್ಟಿದ್ದಕ್ಕೆ ನಾಚಿಕೆಯಾಗಿದೆ. ಬೇರೆ ಹೇಳುವ ಧೈರ್ಯವೂ ಇಲ್ಲ.

೬ ಏಪ್ರಿಲ್, ಮಂಗಳವಾರ

ಬಸ್‌ಸ್ಟಾಪಿನಲ್ಲಿ ಸಿಕ್ಕಳು. "ನಿಮ್ ಮನೋಜ್ಞಾನೇ ಬರ್ದೆ ಸಾರ್, ಒಂದಕ್ಸರ ಬಿಡ್ದಂಗೆ." ಸಮಾಧಾನದ ಉಸಿರು ಬಿಟ್ಟೆ. ಬಸ್ಸು ಹತ್ತುವಾಗ ಹೇಳಿದಳು: "ಕೊನೇಗೆ ಒಸಿ ಜಾಗ ಇತ್ತು. ನನ್ ಲೈನೂ ಒಂದು ಆಕ್ಬುಟ್ಟೆ. ಸುಮ್ನೆ ಬಿಟ್ ಬರಾಕೆ ಮನಸ್ ಬರ್ಲಿಲ್ಲ."

ಯಾವ ಲೈನು ಎಂದು ಕೇಳಲಿಲ್ಲ.

೩೧ ಮೇ, ಸೋಮವಾರ

ಪಾಸು. ಭದ್ರಮ್ಮನಿಗೆ ನಲವತ್ತೇಳು. ಏಳು ಜನರಲ್ಲಿ ಐದು ಪಾಸು. ಭಾನುವಾರ ಅವಳ ಮನೆಗೆ ಊಟಕ್ಕೆ ಬರಬೇಕಂತೆ. ಹೋಗಿ ಹೇಳಿಬಿಡುತ್ತೇನೆ. ಪಾಸಾದ ಮೇಲೆ ಹೇಳುವುದು ಸುಲಭ ಎಂದುಕೊಂಡಿದ್ದೆ. ಅದು ತಪ್ಪು ಲೆಕ್ಕ.

೬ ಜೂನ್, ಭಾನುವಾರ, ಸಂಜೆ

ಹೋಗಿದ್ದೆ. ಒಂದೇ ಕೋಣೆ, ಗೋಡೆಗೆ ಹೊಸ ಸುಣ್ಣ. ಗಂಡ ಎರಡನೇ ಶಿಫ್ಟಿಗೆ ಹೋಗಿದ್ದ. ಅತ್ತೆ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಸ್ಟೂಲ್ ನಾಳೆಯಿಂದಂತೆ. ಹೇಳುವಾಗ ನಕ್ಕಳು.

ಎಲೆ ಹಾಕಿದಳು. ಒಂದೇ ಎಲೆ. ಅನ್ನ ಬಡಿಸಿ, ಸಾರಿನ ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತಳು. ತುತ್ತು ಕಲಸಿದ್ದೆ, ಎತ್ತಲಾಗಲಿಲ್ಲ. ಎಲ್ಲಾ ಹೇಳಿದೆ. ವ್ಯಾಲ್ಯುಯೇಷನ್, ಓದಿದ್ದು, ಸೊನ್ನೆ.

ಅತ್ತೆ ಕಾಳು ಹಿಸುಕುವುದನ್ನು ನಿಲ್ಲಿಸಿದರು.

ಭದ್ರಮ್ಮ ಕೇಳಿದಳು, "ಓದ್ದಾಗ ಒಬ್ರಾದ್ರೂ ಔದು ಅಂದ್ರಾ ಸಾರ್?"

"ಇಲ್ಲಮ್ಮ. ಎಲ್ಲರೂ ನಕ್ಕೆವು. ನಾನೂ."

ತಲೆಯಾಡಿಸಿದಳು. ಕಣ್ಣು ತುಂಬಿತ್ತು. "ಅನ್ನ ಆರೋಗ್ತದೆ, ಉಣ್ಣಿ," ಎಂದು ಸೌಟು ಬಗ್ಗಿಸಿದಳು. ಎಲೆಗೆ ಕೈ ಅಡ್ಡ ಹಿಡಿದೆ. ನೀನೂ ಎಲೆ ಹಾಕ್ಕೊಳಮ್ಮ, ಇಬ್ಬರೂ ಒಟ್ಟಿಗೆ ಉಣ್ಣೋಣ ಎಂದೆ. ಅವಳು ಸೌಟು ಹಿಡಿದು ನಿಂತೇ ಇದ್ದಳು. ನಾನು ಕೈ ತೆಗೆಯಲಿಲ್ಲ. ಆಮೇಲೆ ಅವಳು ಸೌಟು ಕೆಳಗಿಟ್ಟು, ಇನ್ನೊಂದು ಎಲೆ ತಂದು ನನ್ನ ಎದುರಿಗೆ ಹಾಕಿಕೊಂಡು ಕೂತಳು.