ಪಿಂಕ್ ಬಾಟಲಿ, ಕಪ್ಪು ಬಾಟಲಿ

ಭಾನುವಾರ, ೯ ಮಾರ್ಚ್

ಪ್ರೀತಿಯ ಅಕ್ಕಾ,

ನನ್ನ ಕೆಲಸ ಕಾಯಂ ಆಯಿತು! "ಈ ಹುಡುಗಿ ಮಾತಾಡ್ತಾ ಇದ್ರೆ ಪೇಷಂಟ್‌ಗಳಿಗೆ ಹಲ್ಲುನೋವೇ ಮರೆತುಹೋಗುತ್ತೆ" ಅಂತ ನಮ್ಮ ಹಲ್ಲಿನ ಡಾಕ್ಟರಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರ ಮುಂದೆ ಅಂದರು. ಮದುವೆಯಾದ ಮೇಲೆ ಒಂದು ಸಾಲನ್ನೂ ಬರೆಯಲಿಲ್ಲ ಎಂದು ಬೈಯಬೇಡ, ಸಂತೋಷದಲ್ಲಿ ಮೈಮರೆತಿದ್ದೆ. ಫೋನಿದ್ದೂ ಪತ್ರ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇವರ ಪ್ರೀತಿಯನ್ನು ಏನೆಂದು ಹೇಳಲಿ! ಸಂಜೆ ಬಾಗಿಲು ತೆರೆದ ಕೂಡಲೇ, ಚಪ್ಪಲಿ ಕಳಚುವುದಕ್ಕೂ ಬಿಡದೆ ತಬ್ಬಿಕೊಳ್ಳುತ್ತಾರೆ. ಎದುರುಮನೆ ಅಜ್ಜಿ ಬೇಕೆಂದೇ ಕೆಮ್ಮಿದರೂ ಜಗ್ಗುವುದಿಲ್ಲ. ಆಮೇಲೆ, "ಇವತ್ತು ಯಾರ್ಯಾರು ಬಂದಿದ್ರು? ಬಸ್ಸಲ್ಲಿ ಪಕ್ಕ ಯಾರು ಕೂತಿದ್ರು?" ನಾನು ದವಡೆ ಊದಿದವರಿಂದ ಹಿಡಿದು ಹಲ್ಲುಸೆಟ್ಟು ಮರೆತುಹೋದವರವರೆಗೆ ಎಲ್ಲ ಒದರುತ್ತೇನೆ. ಹೆಂಡತಿಯ ಕೆಲಸದಲ್ಲಿ ಇಷ್ಟು ಆಸಕ್ತಿ ಯಾವ ಗಂಡನಿಗಿರುತ್ತದೆ ಹೇಳು!

ಇನ್ನೊಂದು ತಮಾಷೆ. ಬಸ್ಸಿನ ನೂಕುನುಗ್ಗಲಿನಲ್ಲಿ ಬೆವರಿ ಒದ್ದೆಮುದ್ದೆಯಾಗಿ ಕ್ಲಿನಿಕ್ ಸೇರುತ್ತೇನಲ್ಲ, ಅದಕ್ಕೆ ಬಾಡಿ ಸ್ಪ್ರೇ ಕೊಳ್ಳಲು ಕೆಳಗಿನ ಮೆಡಿಕಲ್ ಶಾಪಿಗೆ ಹೋದೆ. ಒಂದೇ ಕಂಪನಿಯದು, ಹೆಂಗಸರಿಗೆ ಪಿಂಕ್ ಬಾಟಲಿ, ಗಂಡಸರಿಗೆ ಕಪ್ಪು. ಅಳತೆ ಒಂದೇ. ಹಿಂದಿನ ಸಣ್ಣಕ್ಷರವನ್ನೆಲ್ಲ ಓದಿದೆ, ಪರಿಮಳ ಬಿಟ್ಟರೆ ಒಳಗಿರುವುದೂ ಒಂದೇ. ಪಿಂಕಿಗೆ ಮಾತ್ರ ಒಂದೂವರೆ ಪಟ್ಟು ಬೆಲೆ!

"ಇದಕ್ಕೆ ಯಾಕೆ ಜಾಸ್ತಿ?" ಅಂದೆ.

"ಅದು ಲೇಡೀಸ್‌ದು ಮೇಡಂ."

"ಲೇಡೀಸ್ ಬೆವರು ಅಷ್ಟು ಕಾಸ್ಟ್ಲಿನಾ?"

"ಹೂವಿನ ವಾಸನೆ ಇರುತ್ತಲ್ಲ ಮೇಡಂ."

"ಈ ದುಡ್ಡಿಗೆ ತೋಟಾನೇ ಬರುತ್ತಲ್ರೀ!"

ಅನುಮಾನ ಹತ್ತಿದರೆ ನಾನು ಬಿಡುವವಳಲ್ಲವಲ್ಲ. ಶಾಂಪೂ, ರೇಜರ್ ಎಲ್ಲವನ್ನೂ ತಿರುಗಿಸಿ ನೋಡಿದೆ. ಪಿಂಕ್ ಬಳಿದದ್ದಕ್ಕೆಲ್ಲ ಬೆಲೆ ಹೆಚ್ಚು. ಕಪ್ಪು ಬಾಟಲಿಯನ್ನೇ ಕೊಂಡು ಕ್ಲಿನಿಕ್ಕಿನ ಡ್ರಾಯರಿನಲ್ಲಿಟ್ಟೆ.

ಇವರೋ ಬರೀ ಸೋಪು ಹಚ್ಚುವವರು, ಸೆಂಟು ಮುಟ್ಟುವವರಲ್ಲ. ಮೊನ್ನೆಯೊಂದು ಸಂಜೆ ತಬ್ಬಿಕೊಂಡಿದ್ದವರು ತಟ್ಟನೆ, "ಇದು ಯಾರ ವಾಸನೆ?" ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನ ಬಾಟಲಿ ತಂದು ತೋರಿಸಿದೆ. ಇವರೂ ನಕ್ಕರು. "ನನ್ನ ಹೆಂಡ್ತಿ ಗಂಡಸರ ಸೆಂಟು ಹಾಕ್ಕೊಂಡು ತಿರುಗಬೇಕಾ?" ಅಂತ ಪಿಂಕನ್ನೇ ತಂದುಕೊಟ್ಟರು. "ಇನ್ಮೇಲೆ ಇದೊಂದೇ. ಖರ್ಚು ನಂದು." ಎಷ್ಟು ಧಾರಾಳಿ ಅಲ್ವಾ?

ಪುಟ್ಟಿಗೆ ಮುತ್ತು, ಭಾವನಿಗೆ ನಮಸ್ಕಾರ. ನನ್ನ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ
ಬಾಯಿಬಡುಕಿ

ತಾ.ಕ.: ಇಷ್ಟು ಬರೆದು ಮಡಿಸಿದೆ, ಅಂಟಿಸಲು ಆಗಲಿಲ್ಲ. ನನ್ನ ಮದುವೆಗೆ ನೀನು ಅಷ್ಟು ಓಡಾಡಿದೆಯಲ್ಲ, ಅದಕ್ಕೇ ನಗುನಗುತ್ತಾ ಬರೆದೆ.

ನಿನ್ನೆ ಮೆಡಿಕಲ್ ಶಾಪಿನವನು ಕರೆದು, "ಪಿಂಕ್ ತಗೊಳ್ಳೋಕೆ ನಿಮ್ಮ ಯಜಮಾನ್ರು ಬಂದಿದ್ರು ಮೇಡಂ. ಕಪ್ಪುದನ್ನ ನಿಜವಾಗ್ಲೂ ನೀವೇ ತಗೊಂಡ್ರಾ, ಜೊತೇಲಿ ಯಾರಾದ್ರೂ ಇದ್ರಾ ಅಂತ ಕೇಳಿದ್ರು" ಅಂದ. ನನ್ನ ಜೊತೆ ನಕ್ಕಾದ ಮೇಲೆ ಹೋಗಿ ಕೇಳಿದ್ದಾರೆ, ಅಕ್ಕಾ.

ಸಂಜೆ ಬಾಗಿಲಲ್ಲಿ ತಬ್ಬಿಕೊಂಡಾಗ ಉಸಿರು ಬಿಗಿಹಿಡಿದು ಗಮನಿಸಿದೆ. ಮೂಗು ಮೊದಲು ಕತ್ತಿನ ಒಂದು ಬದಿಗೆ ಹೋಯಿತು, ಆಮೇಲೆ ಇನ್ನೊಂದು ಬದಿಗೆ, ಆಮೇಲೆ ತೋಳಿಗೆ. ಮದುವೆಯಾದಾಗಿನಿಂದ ಹೀಗೇ. ನಾನು ಮುದ್ದು ಅಂದುಕೊಂಡಿದ್ದೆ. ಪಿಂಕ್ ಬಾಟಲಿಗೆ ಇವರು ಆ ಹೆಚ್ಚಿನ ದುಡ್ಡು ಕೊಟ್ಟದ್ದು ಯಾಕೆಂದು ಈಗ ತಿಳಿಯಿತು. ಬೇರೆ ವಾಸನೆ ಬಂದರೆ ಕೂಡಲೇ ಗೊತ್ತಾಗಬೇಕಲ್ಲ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾರೆ.

ಅಮ್ಮನಿಗೆ ಹೇಳಬೇಡ. ಡಾಕ್ಟರಮ್ಮ ರಜೆ ಕೊಟ್ಟಿದ್ದಾರೆ. ಸ್ಟೇಷನ್ನಿಗೆ ನೀನೊಬ್ಬಳೇ ಬಾ, ಸುಮ್ಮನೆ ತಬ್ಬಿಕೋ. ಗುರುವಾರ, ಬೆಳಗಿನ ಪ್ಯಾಸೆಂಜರ್ ರೈಲು.